ಅಮ್ಮನ ವೀಣೆ ಸುಂಟಿಕೊಪ್ಪಕ್ಕೆ ಹೋದದ್ದು

(ಮಡಿಕೇರಿಯಲ್ಲಿ ಸಂಗೀತದ ಆಸಕ್ತರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳು. ಆಮೇಲೆ ಮನೆಯಲ್ಲಿ ಕೂತು ಬರೆದಿದ್ದೇನೆ. ಅವತ್ತು ಮರೆತ ಒಂದೆರಡು ವಿಷಯ ಇಲ್ಲಿ ಸೇರಿಕೊಂಡಿವೆ.)

ಎಲ್ಲರಿಗೂ ನಮಸ್ಕಾರ.

ವೀಣೆ ಜೊತೆಗಿಲ್ಲದೆ ನಾನು ಇಷ್ಟು ಜನರ ಎದುರು ಕೂತಿರುವುದು ಇದೇ ಮೊದಲು. ಕೈ ಎಲ್ಲಿಟ್ಟುಕೊಳ್ಳಬೇಕು ಅಂತ ತಿಳಿಯುತ್ತಿಲ್ಲ. ಎಡಗೈ ತಾನಾಗಿ ದಂಡಿ ಹಿಡಿಯುವ ಹಾಗೆ ಬಾಗುತ್ತದೆ.

ಹೋದ ವರ್ಷ ವಿಜಯದಶಮಿಯ ಬೆಳಿಗ್ಗೆ ನನ್ನ ವೀಣೆಯನ್ನು ಸುಂಟಿಕೊಪ್ಪದ ಒಬ್ಬ ಹುಡುಗಿಗೆ ಕೊಟ್ಟೆ. ಸುದ್ದಿ ಹಬ್ಬಿದ ಮೇಲೆ ತುಂಬ ಫೋನ್ ಬಂದವು. ಅರ್ಧ ಜನ, "ಅಯ್ಯೋ, ನಿಮ್ಮ ಅಮ್ಮನ ವೀಣೆ ಅಲ್ವಾ, ಹೇಗೆ ಮನಸ್ಸು ಬಂತು?" ಅಂತ ಕೇಳಿದರು. ಇನ್ನರ್ಧ ಜನ ಕೇಳಿದ್ದು ಬೇರೆ. "ನಮ್ಮ ಮನೇಲೂ ಒಂದಿದೆ, ಏನು ಮಾಡೋದು?" ಒಬ್ಬರ ಮನೆಯಲ್ಲಿ ಅಜ್ಜಿಯ ವೀಣೆ. ಇನ್ನೊಬ್ಬರ ಮನೆಯಲ್ಲಿ ಮಾವನವರ ಪಿಟೀಲು. ವಿರಾಜಪೇಟೆಯ ಒಬ್ಬರ ಮನೆಯಲ್ಲಿ ತಿದಿ ಹರಿದ ಹಾರ್ಮೋನಿಯಂ. ಎಲ್ಲವೂ ಹಳೇ ಕಂಬಳಿ ಸುತ್ತಿಕೊಂಡು ಅಟ್ಟದ ಮೇಲೆ ಕೂತಿವೆ. ಇವತ್ತು ನಾನು ಮಾತಾಡುವುದು ಈ ಎರಡನೇ ಪ್ರಶ್ನೆ ಕೇಳಿದವರಿಗಾಗಿ.

ನನಗೆ ಹೇಳಬೇಕು ಅನಿಸಿರುವುದು ಒಂದೇ ಮಾತು. ವಾದ್ಯವನ್ನು ಕೊಡುವುದಾದರೆ ಅದು ನುಡಿಯುತ್ತಿರುವಾಗಲೇ ಕೊಡಬೇಕು. ನಾವು ಹಾಗೆ ಮಾಡುವುದಿಲ್ಲ. ನುಡಿಸುವುದು ನಿಲ್ಲಿಸುತ್ತೇವೆ, ಬಟ್ಟೆ ಹೊದಿಸುತ್ತೇವೆ, ಹತ್ತು ಮಳೆಗಾಲ ಕಳೆಯಲು ಬಿಡುತ್ತೇವೆ. ಆಮೇಲೆ ಯಾರಾದರೂ ಮಗು ವೀಣೆ ಕಲಿಯುತ್ತದೆ ಅಂದರೆ ಅಟ್ಟದಿಂದ ಇಳಿಸಿ ಕೊಡುತ್ತೇವೆ. ಆ ಮಗುವಿನ ಕೈಗೆ ಸಿಗುವುದು ಸೌದೆ.

ನಾನೂ ಅದನ್ನೇ ಮಾಡುವವಳಿದ್ದೆ. ಅದಕ್ಕೇ ಈ ಕಥೆ ಹೇಳುತ್ತೇನೆ.

ನನ್ನ ಅಮ್ಮ ಹುಟ್ಟಿದ್ದು 1928ರಲ್ಲಿ, ಮೈಸೂರಿನಲ್ಲಿ. ವೀಣೆ ಶೇಷಣ್ಣನವರು ತೀರಿಕೊಂಡು ಆಗ ಎರಡು ವರ್ಷ ಆಗಿತ್ತು. ಆದರೆ ಊರಲ್ಲಿ ವೀಣೆಯ ಗಾಳಿ ಇತ್ತು. ವೆಂಕಟಗಿರಿಯಪ್ಪನವರು ಇದ್ದರು, ಸುಬ್ಬಣ್ಣನವರು ಇದ್ದರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರಲ್ಲ, ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ಆಗ ಅಮ್ಮನಿಗೆ ಏಳು ವರ್ಷ. ಬೀದಿಯಲ್ಲಿ ರೇಡಿಯೋ ಇದ್ದ ಒಂದೇ ಮನೆಯ ಜಗಲಿಯಲ್ಲಿ ಕೂತು ವೀಣೆ ಕೇಳುತ್ತಿದ್ದಳಂತೆ. ಒಳಗೆ ಕರೆದರೂ ಹೋಗುತ್ತಿರಲಿಲ್ಲವಂತೆ, ಜಗಲಿಯಲ್ಲೇ ಚೆನ್ನಾಗಿ ಕೇಳುತ್ತದೆ ಅಂತ.

ತಾತ 1949ರಲ್ಲಿ ಅವಳಿಗೆ ವೀಣೆ ಕೊಡಿಸಿದರು. ಹಲಸಿನ ಮರದ್ದು. ನಾದ ತುಂಬುವ ಕೊಡ ಬೇರೆ, ತಂತಿ ಹಾಯುವ ಉದ್ದನೆಯ ದಂಡಿ ಬೇರೆ ಮಾಡಿ ಜೋಡಿಸಿದ್ದು. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆ ಕೊಳ್ಳುವ ಶಕ್ತಿ ತಾತನಿಗೆ ಇರಲಿಲ್ಲ. ತುದಿಯಲ್ಲಿ ಯಾಳಿ ಮುಖ, ಸಿಂಹದ ಹಾಗಿರುವ ಪುರಾಣದ ಪ್ರಾಣಿಯದು. ಯಾಳಿಯ ಒಂದು ಕಿವಿ ಇನ್ನೊಂದಕ್ಕಿಂತ ಚೂರು ಚಿಕ್ಕದು. ಕೆತ್ತುವಾಗ ಉಳಿ ಜಾರಿತ್ತೋ ಏನೋ. ಸಣ್ಣವಳಿದ್ದಾಗ ನಾನು ಆ ಚಿಕ್ಕ ಕಿವಿಯನ್ನೇ ಹಿಡಿದು ಕೂತು ಅಮ್ಮ ನುಡಿಸುವುದನ್ನು ಕೇಳುತ್ತಿದ್ದೆ. ನುಡಿಸುವಾಗ ಮರ ನಡುಗುತ್ತದೆ, ಆ ನಡುಕ ಬೆರಳಿಗೆ ಬರುತ್ತದೆ. ನಾನು ಶಂಕರಾಭರಣವನ್ನು ಮೊದಲು ಕೇಳಿದ್ದು ಕಿವಿಯಲ್ಲಿ ಅಲ್ಲ, ಬೆರಳಲ್ಲಿ.

1977ರಲ್ಲಿ ಮದುವೆಯಾಗಿ ಮಡಿಕೇರಿಗೆ ಬಂದೆ. ಬರುವಾಗ ಅಮ್ಮ ತನ್ನ ವೀಣೆಯನ್ನೇ ಕೊಟ್ಟಳು. ಅವಳಿಗೆ ಆಗ 49 ವರ್ಷ, ಚೆನ್ನಾಗಿ ನುಡಿಸುತ್ತಿದ್ದಳು. ಹೊಸದು ಕೊಡಿಸೋಣ ಅಂತ ಅಪ್ಪ ಹೇಳಿದರೆ, "ಪಳಗಿದ್ದು ಇರುವಾಗ ಹೊಸದು ಯಾಕೆ" ಅಂದಳು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ್ದು ಎರಡೇ ಮಾತು. "ಅಲ್ಲಿ ಮಳೆ ಜಾಸ್ತಿ. ದಿನಾ ನುಡಿಸು, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸು."

ಮೈಸೂರಿಂದ ಇಲ್ಲಿಗೆ ಸುಮಾರು 120 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ದಾರಿಯುದ್ದಕ್ಕೂ ವೀಣೆಯನ್ನು ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಆನೆಕಾಡಿನ ತಿರುವುಗಳಲ್ಲಿ ನಮ್ಮನೆಯವರು ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ದಂಡಿಯ ಕೆಳಗಿನ ಬುರುಡೆಯನ್ನು ಹಿಡಿದಿದ್ದರು. ಹೊಸ ಊರು, ಹೊಸ ಮನೆ ಅಂತ ನನ್ನ ತಲೆ ತುಂಬ ಅದೇ ಇತ್ತು. ಆ ಸಂಜೆ ಮೈಸೂರಿನ ಮನೆಯಲ್ಲಿ ಅಮ್ಮ ಏನು ಮಾಡಿದಳು ಅಂತ ನನಗೆ ಗೊತ್ತಿಲ್ಲ. ಮುಂದಿನ ಸಂಜೆ ಏನು ಮಾಡಿದಳು? ದಿನಾ ಆರೂವರೆಗೆ ವೀಣೆ ಮುಂದೆ ಕೂರುತ್ತಿದ್ದವಳು. ಅವಳು ಬದುಕಿರುವವರೆಗೆ ನಾನು ಒಂದು ಸಲವೂ ಕೇಳಲಿಲ್ಲ. ನನ್ನ ಸರದಿ ಬಂದಾಗಲೇ ಆ ಪ್ರಶ್ನೆ ಹೊಳೆದದ್ದು.

ಇನ್ನು ಕೊಡಗಿನ ಮಳೆ ಮತ್ತು ವೀಣೆಯ ವಿಷಯ. ವೀಣೆ ನುಡಿಸದವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೀಣೆಯ ದಂಡಿಯ ಮೇಲೆ, ಸ್ವರದ ಜಾಗ ತೋರಿಸುವ 24 ಹಿತ್ತಾಳೆಯ ಮೆಟ್ಟಿಲುಗಳಿವೆ. ಅವುಗಳ ಮೇಲೆ ಹಾಯುವ ಒಂದೊಂದು ತಂತಿಯಲ್ಲೂ ಎರಡು ಸ್ಥಾಯಿ ಸಿಗುತ್ತದೆ, ಸ್ಥಾಯಿಗೆ 12. ಈ 24ರ ಲೆಕ್ಕ ಗಟ್ಟಿಯಾದದ್ದು 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ. ಅವನ ಮಂತ್ರಿ ಗೋವಿಂದ ದೀಕ್ಷಿತರು ನಮ್ಮ ಕನ್ನಡದ ಮನೆತನದವರು. ಈ ಮೆಟ್ಟಿಲುಗಳನ್ನು ಮರಕ್ಕೆ ಬಡಿದು ಕೂರಿಸಿರುವುದಿಲ್ಲ. ದಂಡಿಯ ಎರಡೂ ಅಂಚಿನಲ್ಲಿ ಮೇಣದ ಏರಿ ಕಟ್ಟಿ, ಅದರ ಮೇಲೆ ಒತ್ತಿ ನಿಲ್ಲಿಸಿರುತ್ತಾರೆ. ಜೇನುಮೇಣಕ್ಕೆ ಇದ್ದಲಿನ ಪುಡಿ ಕಲಸಿದ ಕಪ್ಪು ಮೇಣ. ಕೆಲವರು ರಾಳವನ್ನೂ ಸೇರಿಸುತ್ತಾರೆ. ಅಂದರೆ ಇಡೀ ವೀಣೆಯ ಶ್ರುತಿ ನಿಂತಿರುವುದು ಮೇಣದ ಮೇಲೆ. ಬಿಸಿಲಿಗೆ ಅದು ಮೆತ್ತಗಾಗುತ್ತದೆ, ಚಳಿಗೆ ಬಿರುಕು ಬಿಡುತ್ತದೆ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಗಾಂಧಾರ ಗಾಂಧಾರವಾಗಿ ಉಳಿಯುವುದಿಲ್ಲ.

ಇಂಥ ವಾದ್ಯವನ್ನು ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿಗೆ ತಂದೆ. ಮೊದಲ ಕಕ್ಕಡ ತಿಂಗಳಲ್ಲೇ, ಜುಲೈ-ಆಗಸ್ಟಿನ ಮಳೆಯಲ್ಲೇ, ಗೊತ್ತಾಯಿತು. ತಂತಿ ಬಿಗಿಯುವ ಬಿರಡೆಗಳು ನೀರು ಕುಡಿದು ಊದಿಕೊಂಡು ತಿರುಗಲೇ ಇಲ್ಲ. ಸಾರಣಿ, ಅಂದರೆ ಮುಖ್ಯ ತಂತಿಯ ಮೇಲೆ ಒಂದೇ ವಾರದಲ್ಲಿ ಕೆಂಪು ಚುಕ್ಕೆ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, ಮಗುವಿನ ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಯನ್ನು ಇದೇ ಕೋಣೆಯಲ್ಲಿಡು, ಆದರೆ ಹತ್ತಿರ ಬೇಡ ಅಂದರು. ಅಲ್ಲಿಂದ 40 ಮಳೆಗಾಲ ಹಾಗೇ ನಡೆಯಿತು. ಕೋಣೆಯ ಒಂದು ಮೂಲೆಯಲ್ಲಿ ಕೆಂಡ, ಇನ್ನೊಂದು ಮೂಲೆಯಲ್ಲಿ ವೀಣೆ. ಜೂನ್‌ನಲ್ಲಿ ಬಿರಡೆಗೆ ಸೀಮೆಸುಣ್ಣ. ಪಾಠ ಮುಗಿದ ತಕ್ಷಣ ಒಣಬಟ್ಟೆ. ಅಮ್ಮನ ಮಾತಿನ ಅರ್ಥ ಆಗ ಪೂರ್ತಿ ತಿಳಿಯಿತು. ದಿನಾ ಕೈ ಆಡುವ ತಂತಿಗೆ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ದಿನಾ ನೋಡುವ ಮೇಣದ ಬಿರುಕು ದೊಡ್ಡದಾಗುವ ಮೊದಲೇ ಕಣ್ಣಿಗೆ ಬೀಳುತ್ತದೆ. ಕೊಡಗಿನಲ್ಲಿ ವಾದ್ಯ ಉಳಿಸುವ ಔಷಧಿ ಬೇರೆ ಇಲ್ಲ, ನುಡಿಸುವುದೇ.

2018ರ ಆಗಸ್ಟಿನ ಭೂಕುಸಿತ ಯಾರಿಗೆ ನೆನಪಿಲ್ಲ? ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು. ಪ್ರಾಣ ಹೋಯಿತು, ಮನೆ ಹೋಯಿತು, ತೋಟಕ್ಕೆ ತೋಟವೇ ಜಾರಿಹೋಯಿತು. ಅವರ ನೋವಿನ ಮುಂದೆ ನನ್ನ ವೀಣೆಯ ಮಾತು ಎತ್ತಲು ಸಂಕೋಚವಾಗುತ್ತದೆ. ಆದರೂ ಕಥೆಗೆ ಬೇಕು. ನಮ್ಮ ಮನೆಯ ಹಿಂದಿನ ಮಣ್ಣಿನ ಬರೆ ಬಿರುಕು ಬಿಟ್ಟಿತು. ರಾತ್ರೋರಾತ್ರಿ ಉಟ್ಟ ಬಟ್ಟೆಯಲ್ಲಿ ಹೊರಟೆವು. ವೀಣೆ ಅಲ್ಲೇ ಉಳಿಯಿತು. ಹನ್ನೊಂದು ದಿನದ ಮೇಲೆ ಬಾಗಿಲು ತೆಗೆದಾಗ ಕೊಡದ ಮೇಲೆಲ್ಲ ಬಿಳಿ ಬೂಷ್ಟು. ಐದು ಮೆಟ್ಟಿಲು ಮೇಣದಿಂದ ಎದ್ದು ಓರೆಯಾಗಿ ನಿಂತಿದ್ದವು. ಹನ್ನೊಂದೇ ದಿನ!

ಒರೆಸಿದೆ, ಅಲ್ಲಿಂದಿಲ್ಲಿಗೆ ಸರಿಮಾಡಿದೆ. ಆದರೆ ಆ ಹೊತ್ತಿಗೆ ಎಡಗೈ ತೋರುಬೆರಳಿನ ಗೆಣ್ಣು ಊದಿಕೊಳ್ಳಲು ಶುರುವಾಗಿತ್ತು. ಸಂಧಿವಾತ. ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸುವುದಕ್ಕೆ, ತಂತಿ ಎಳೆಯುವುದು ಆ ಬೆರಳಲ್ಲೇ. ಮೊದಲು ದಿನಕ್ಕೆ ಎರಡು ಗಂಟೆ ನುಡಿಸುತ್ತಿದ್ದೆ, ಒಂದು ಗಂಟೆಯಾಯಿತು, ಕಾಲು ಗಂಟೆಯಾಯಿತು. ಪಾಠವನ್ನು ಬಾಯಲ್ಲಿ ಹೇಳಿಕೊಡತೊಡಗಿದೆ. ಆಮೇಲೆ ವಾರಕ್ಕೊಮ್ಮೆ ಬರೀ ಒರೆಸಿ ಇಡುವುದು. ಮೂರು ವರ್ಷ ಹೀಗೇ ಕಳೆಯಿತು. ಅಮ್ಮನ ವೀಣೆ ಅಂತ ಬರುವವರಿಗೆಲ್ಲ ತೋರಿಸುತ್ತಿದ್ದೆ. ನುಡಿಸುತ್ತಿರಲಿಲ್ಲ.

ನಿಜವಾಗಿ ಹೇಳಬೇಕೆಂದರೆ ನಾನು ವೀಣೆಯಿಂದ ಅಗಲಿದ್ದು ಆಗ. ವಿಜಯದಶಮಿಯ ದಿನ ಅಲ್ಲ.

ಆ ದಿನಗಳಲ್ಲಿ ಒಂದು ರೆಸಾರ್ಟಿನವರು ಕೇಳಿಕೊಂಡು ಬಂದರು. ಸ್ವಾಗತದ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತೇವೆ, ಮೇಲೆ ದೀಪ ಹಾಕುತ್ತೇವೆ, ಅಮ್ಮನ ಹೆಸರೂ ಬರೆಸುತ್ತೇವೆ ಅಂದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಕೆಟ್ಟ ಜನ ಅಲ್ಲ, ಗೌರವದಿಂದಲೇ ಕೇಳಿದರು. ಒಂದು ರಾತ್ರಿ ಯೋಚನೆ ಮಾಡಿದೆ. ಗಾಜಿನೊಳಗೆ ದೀಪದ ಶಾಖಕ್ಕೆ ಮೇಣ ಏನಾಗುತ್ತದೆ ಅಂತ ಗೊತ್ತಿತ್ತು. ಅದಕ್ಕಿಂತ ಜಾಸ್ತಿ, ಯಾರೂ ಮೀಟದ ತಂತಿಯನ್ನು ನೋಡಿಕೊಂಡು ಜನ ಫೋಟೋ ತೆಗೆಸಿಕೊಳ್ಳುವುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೇಡ ಅಂದೆ.

ಶಾಲೆಗೆ ಕೊಡಿ ಅಂತ ಹೇಳಿದವರೂ ಇದ್ದರು. ಶಾಲೆಗೆ ಕೊಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನುಡಿಸುವ ಮೇಷ್ಟ್ರು ಇರುವ ಶಾಲೆಗೆ ಕೊಡಿ. ತುಂಬ ವರ್ಷದ ಹಿಂದೆ ನನ್ನ ತಂಬೂರಿಯೊಂದನ್ನು ಒಂದು ಶಾಲೆಗೆ ಕೊಟ್ಟಿದ್ದೆ. ಹಾರ ಹಾಕಿ, ಚಪ್ಪಾಳೆ ತಟ್ಟಿ ಇಸಿದುಕೊಂಡರು. ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಹೋದಾಗ ಅದನ್ನು ಆಟದ ಸಾಮಾನಿನ ಕೋಣೆಯಲ್ಲಿ ಕಂಡೆ. ತಂತಿಗಳನ್ನು ಹೊರುವ ಕುದುರೆ ಕಿತ್ತುಹೋಗಿತ್ತು. ನಾಲ್ಕು ತಂತಿಯಲ್ಲಿ ಮೂರು ಇರಲಿಲ್ಲ. ವಾಲಿಬಾಲ್ ಬಲೆ ಅದರ ಕುತ್ತಿಗೆಗೆ ಸುತ್ತಿತ್ತು. ಅಲ್ಲಿ ಸಂಗೀತ ಹೇಳಿಕೊಡುತ್ತಿದ್ದವರು ವರ್ಗವಾಗಿ ಹೋಗಿದ್ದರು, ಬೇರೆಯವರು ಬಂದೇ ಇರಲಿಲ್ಲ. ಅವತ್ತು ಬಸ್ಸಿನಲ್ಲಿ ಬರುವಾಗ ಅತ್ತುಬಿಟ್ಟೆ. ಆಮೇಲೆ ಒಂದು ತೀರ್ಮಾನಕ್ಕೆ ಬಂದೆ. ವಾದ್ಯವನ್ನು ಕಟ್ಟಡಕ್ಕೆ ಕೊಡಬಾರದು, ಕೈಗೆ ಕೊಡಬೇಕು.

ಇದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ನನಗೆ ತೋರಿಸಿಕೊಟ್ಟವರು ನಮ್ಮ ಪಕ್ಕದ ಮನೆಯ ಕೊಡವ ಅಜ್ಜ. ಅವರಿಗೆ ವೀಣೆಯ ಗಂಧ ಇರಲಿಲ್ಲ. ಅವರ ವಾದ್ಯ ದುಡಿ. ಗೊತ್ತಲ್ಲ, ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ, ಒಂದು ಸಣ್ಣ ಕಡ್ಡಿಯಲ್ಲಿ ಬಾರಿಸುವುದು. ಪುತ್ತರಿಗೆ, ಅಂದರೆ ಹುತ್ತರಿ ಸುಗ್ಗಿ ಹಬ್ಬಕ್ಕೆ, ನಾಲ್ವರು ದುಡಿ ಹಿಡಿದು ಬಾಳೋಪಾಟ್ ಹಾಡುತ್ತಾರೆ. ಆ "ಬಾಳೋ ಬಾಳೋ" ಅನ್ನುವ ಪಲ್ಲವಿ ಚಳಿಯ ರಾತ್ರಿಯಲ್ಲಿ ನಮ್ಮ ಮನೆಗೂ ಕೇಳುತ್ತಿತ್ತು. ಹಾಡಿನ ಮಾತುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಕಲೆಹಾಕಿ 1924ರಲ್ಲೇ ಅಚ್ಚು ಮಾಡಿಸಿದರು. ಅವರ ಉಪಕಾರ ದೊಡ್ಡದು, ಮಾತು ಉಳಿಯಿತು. ಆದರೆ ದುಡಿಯ ಪೆಟ್ಟು ಪುಸ್ತಕದಲ್ಲಿ ಕೂರುವುದಿಲ್ಲ. ಅದು ಕೈಯಿಂದ ಕೈಗೇ ಬರಬೇಕು.

ಅಜ್ಜ 70 ದಾಟಿದ ಮೇಲೆ ಒಂದು ಪುತ್ತರಿಗೆ ತಮ್ಮ ದುಡಿಯನ್ನು ತಮ್ಮನ ಮಗನಿಗೆ ಕೊಟ್ಟರು. ಅಜ್ಜನ ಗಂಟಲು, ಕೈ ಎರಡೂ ಆಗ ಗಟ್ಟಿಯಾಗಿದ್ದವು. ನನಗೆ ಆಶ್ಚರ್ಯವಾಯಿತು. "ಇನ್ನೂ ಹತ್ತು ವರ್ಷ ಬಾರಿಸಬಹುದಿತ್ತಲ್ಲ ಅಜ್ಜ" ಅಂದೆ. "ನಾನು ಬಿದ್ದ ಮೇಲೆ ಕೊಟ್ಟರೆ ಅವನು ತಪ್ಪು ಬಾರಿಸುವಾಗ ಹೇಳುವವರು ಯಾರು?" ಅಂದರು. ಕೊಟ್ಟ ಮೇಲೆ ಎರಡು ಪುತ್ತರಿ ಅವನ ಎದುರಿಗೇ ಕೂತು, ಬೇರೆಯವರ ದುಡಿ ಹಿಡಿದು ಹಾಡಿದರು. ಮೂರನೇ ಪುತ್ತರಿಗೆ ಅಜ್ಜ ಇರಲಿಲ್ಲ. ದುಡಿ ಮಾತ್ರ ಅದೇ ಪೆಟ್ಟಿನಲ್ಲಿ ನುಡಿಯಿತು. ಗೋಡೆಯ ಈಚೆ ನಿಂತು ಕೇಳಿದ ನನಗೆ ಅಜ್ಜನೇ ಬಾರಿಸುತ್ತಿದ್ದಾರೆ ಅನಿಸಿತು.

ಅಜ್ಜನ ಆ ಮಾತು ಎಷ್ಟೋ ವರ್ಷ ನನ್ನೊಳಗೆ ಸುಮ್ನೆ ಕೂತಿತ್ತು. ಬೆರಳು ಊದಿಕೊಂಡ ಮೇಲೆ ಎದ್ದು ಬಂತು.

ಕೊಡುವುದು ಅಂತ ತೀರ್ಮಾನ ಮಾಡಿದ ಮೇಲೆ ಮೊದಲು ಮಾಡಿದ್ದು ರಿಪೇರಿ. ಇದನ್ನು ಒತ್ತಿ ಹೇಳುತ್ತೇನೆ. ಹೇಗಿದೆಯೋ ಹಾಗೇ ಕೊಟ್ಟು, "ಸರಿ ಮಾಡಿಸಿಕೊಳ್ಳಿ" ಅಂದರೆ ತೊಂದರೆಯನ್ನು ದಾಟಿಸಿದ ಹಾಗೆ. ಕಲಿಯುವ ಮಗುವಿಗೆ ಅಪಸ್ವರ ಯಾವುದು, ತನ್ನ ತಪ್ಪು ಯಾವುದು, ವಾದ್ಯದ ತಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ತನಗೇ ಬರಲ್ಲ ಅಂತ ಅಂದುಕೊಂಡು ಬಿಟ್ಟುಬಿಡುತ್ತದೆ.

ಮೈಸೂರಿನಲ್ಲಿ ವೀಣೆ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರಲ್ಲಿಗೆ ತೆಗೆದುಕೊಂಡು ಹೋದೆ. ಜೊತೆಗೆ ನಮ್ಮ ಕಡೆಯ ಜೇನುಮೇಣ ಅರ್ಧ ಕೆಜಿ ಒಯ್ದಿದ್ದೆ, ಪರಿಚಯದವರ ತೋಟದಿಂದ. ಅವರು ಮೂಸಿ ನೋಡಿ ಖುಷಿಪಟ್ಟರು.

ವೀಣೆಯನ್ನು ಚಾಪೆ ಮೇಲೆ ಮಲಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನನ್ನನ್ನು ಕರೆದರು. "ಇಲ್ಲಿ ನೋಡಿ ಅಮ್ಮಾ." ಸಾರಣಿ ತಂತಿಯ ಕೆಳಗೆ ಮೆಟ್ಟಿಲುಗಳ ಮೇಲೆ ಗೆರೆಗಳು. 75 ವರ್ಷ ಉಕ್ಕಿನ ತಂತಿ ಒತ್ತಿ ಒತ್ತಿ ಹಿತ್ತಾಳೆ ತೇದುಹೋಗಿತ್ತು. ಏಳನೇ ಮೆಟ್ಟಿಲು, ಅಂದರೆ ಪಂಚಮ, ಅಲ್ಲಿ ಒಂದೇ ಆಳವಾದ ಗೆರೆ. ಹನ್ನೆರಡನೆಯದು, ಮೇಲಿನ ಷಡ್ಜ, ಅಲ್ಲೂ ಹಾಗೇ. ಆದರೆ ನಾಲ್ಕು, ಐದನೇ ಮೆಟ್ಟಿಲಿನ ಮೇಲೆ ಗೆರೆ ಇರಲಿಲ್ಲ. ಅಗಲವಾಗಿ, ಬೀಸಣಿಗೆ ಬಿಚ್ಚಿದ ಹಾಗೆ ಸವೆದಿತ್ತು. ತಂತಿಯನ್ನು ಪಕ್ಕಕ್ಕೆ ಎಳೆದು ಎಳೆದು ಆದ ಸವೆತ. ಗಮಕದ ಗುರುತು ಅದು. ಆ ಬೀಸಣಿಗೆಯಲ್ಲಿ ಅಮ್ಮ ಎಳೆದದ್ದು ಎಷ್ಟು, ನಾನು ಎಳೆದದ್ದು ಎಷ್ಟು ಅಂತ ಬೇರೆ ಮಾಡಲು ಯಾರಿಗೂ ಆಗುವುದಿಲ್ಲ. ಬೆರಳಿಟ್ಟು ನೋಡಿದೆ. ನುಣ್ಣಗೆ, ಹೊಳೆಯ ಕಲ್ಲಿನ ಹಾಗಿತ್ತು.

"ಅರ ಹಾಕಿ ಸ್ವಲ್ಪ ದಿನ ನಡೆಸಬಹುದು. ಆದರೆ ತಂತಿ ಝರ್ ಅನ್ನೋದು ನಿಲ್ಲಲ್ಲ. ಬದಲಾಯಿಸೋದೇ ಸರಿ" ಅಂದರು.

ನನಗೆ ತಕ್ಷಣ ಮಾತು ಬರಲಿಲ್ಲ. ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದೆ. ಮರ ಹಾಗೇ ಇರುತ್ತದೆ, ಯಾಳಿಯ ಚಿಕ್ಕ ಕಿವಿ ಹಾಗೇ ಇರುತ್ತದೆ. ಆದರೆ ಅಮ್ಮನ ಕೈ ಇದ್ದದ್ದು ಆ ಸವೆತದಲ್ಲಿ. ಅದನ್ನು ಉಳಿಸಿದರೆ ಆ ಹುಡುಗಿಯ ಮಧ್ಯಮ ಝರ್ ಅನ್ನುತ್ತದೆ. ಎರಡೂ ಆಗುವುದಿಲ್ಲ. ಬದಲಾಯಿಸಿ ಅಂದೆ.

ಆಮೇಲಿನ ಎರಡು ದಿನ ನಾನು ಅಲ್ಲೇ ಕೂತಿದ್ದೆ. ಕಾಯಿಸಿದ ಕಬ್ಬಿಣದ ಸಲಾಕೆ ಹತ್ತಿರ ಹಿಡಿದಾಗ ಹಳೇ ಮೇಣ ಬೆವರಿ ಬಿಟ್ಟುಕೊಂಡಿತು. ಒಂದೊಂದೇ ಮೆಟ್ಟಿಲು ಎತ್ತಿ ಕಾಗದದ ಮೇಲೆ ಸಾಲಾಗಿ ಇಟ್ಟರು. ಏಣಿಯ ಹಾಗಿದ್ದ ದಂಡಿ ಬೋಳಾಯಿತು. ಹಳೇ ಮೇಣದ ತುಂಡೊಂದರ ಒಳಮೈಯಲ್ಲಿ ಒಂದು ಹೆಬ್ಬೆರಳಿನ ಗುರುತು ಇತ್ತು, ಗೆರೆಗಳ ಸಮೇತ. ಯಾವ ಕಾಲದ ಯಾವ ಕುಶಲಕರ್ಮಿಯದೋ. ಹೊಸ ಮೇಣದ ಏರಿ ಕಟ್ಟಿ, ಹೊಸ ಮೆಟ್ಟಿಲು ಇಟ್ಟು, ಅವರು ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದು ಕೈಯ ಹೆಬ್ಬೆರಳಲ್ಲಿ ಒತ್ತುತ್ತ ಹೋದರು. ಮೀಟು, ಕೇಳು, ಚೂರು ಸರಿಸು, ಮತ್ತೆ ಮೀಟು. ಯಂತ್ರ ಇಲ್ಲ, ಕಿವಿಯೇ ಎಲ್ಲ. ಹನ್ನೊಂದನೇ ಮೆಟ್ಟಿಲಿಗೇ ಅರ್ಧ ಗಂಟೆ ತೆಗೆದುಕೊಂಡರು. ಆ ಹೊಸ ಮೇಣದಲ್ಲಿ ಈಗ ಅವರ ಹೆಬ್ಬೆರಳಿನ ಗುರುತು ಇದೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಹಳೇ ವೀಣೆ ಇರುವವರಿಗೆ ಬೇಕಾಗುತ್ತದೆ. ಕೆಲವು ಹಳೇ ವೀಣೆಗಳಲ್ಲಿ ಬಿಳಿ ಅಲಂಕಾರ ಆನೆ ದಂತದ್ದು ಇರುತ್ತದೆ, ಕೆಲವದರಲ್ಲಿ ಜಿಂಕೆ ಕೊಂಬಿನದು. ನಮ್ಮದರಲ್ಲಿ ಇದ್ದದ್ದು ಪ್ಲಾಸ್ಟಿಕ್ ಪಟ್ಟಿ. ದಂತ ಅಂತ ಅನುಮಾನ ಬಂದರೆ ಮಾರುವ ಮಾತು ಆಡುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ದಂತದ ವ್ಯಾಪಾರಕ್ಕೆ ಅವಕಾಶ ಇಲ್ಲ.

ಹುಡುಗಿಯ ವಿಷಯ. ಅವಳ ಹೆಸರು ಹೇಳುವುದಿಲ್ಲ, ಅವಳಿಗೆ ನಾಚಿಕೆ. ಅಪ್ಪ ಜೀಪ್ ಓಡಿಸುತ್ತಾರೆ, ಅಮ್ಮ ಹೊಲಿಗೆ ಮಾಡುತ್ತಾರೆ. ಒಂಬತ್ತನೇ ವಯಸ್ಸಿಂದ ಶನಿವಾರ ಶನಿವಾರ ಸುಂಟಿಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ವೀಣೆ ಇರಲಿಲ್ಲ. ಅದಕ್ಕೆ ಪಾಠಕ್ಕಿಂತ ಒಂದು ಗಂಟೆ ಮೊದಲೇ ಬಂದು ನನ್ನ ಪಾಠದ ವೀಣೆಯಲ್ಲಿ ಸಾಧನೆ ಮಾಡುವಳು. ತುಂಬ ಪ್ರತಿಭೆ ಇರುವವರು ನನ್ನ ಹತ್ತಿರ ಬೇರೆಯವರೂ ಬಂದಿದ್ದಾರೆ. ಇವಳನ್ನೇ ಆರಿಸಿದ್ದಕ್ಕೆ ಕಾರಣ ಬೇರೆ. ಒಂದು ಸಲ ಜುಲೈನಲ್ಲಿ ರಸ್ತೆಗೆ ಮರ ಬಿದ್ದು ಪಾಠಕ್ಕೆ ಬರಲು ಆಗಲಿಲ್ಲ. ಫೋನ್ ಮಾಡಿ ಕೇಳಿದ್ದು ಪಾಠದ ಮಾತಲ್ಲ. "ಟೀಚರ್, ಇವತ್ತು ತಂತಿ ಯಾರು ಒರೆಸ್ತಾರೆ?"

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ವೀಣೆ ಇಟ್ಟೆ. ವಿಜಯದಶಮಿಯ ಬೆಳಿಗ್ಗೆ ತೆಗೆದೆ. ಆ ದಿನ ನಮ್ಮ ಊರಿನ ಗಡಿಬಿಡಿ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಹತ್ತು ಮಂಟಪಗಳ ಮೆರವಣಿಗೆ, ಬೆಳಿಗ್ಗೆಯಿಂದಲೇ ಜನ. ಅವಳ ಅಪ್ಪ ಜೀಪ್ ತಂದಿದ್ದರು, ಹಿಂದಿನ ಸೀಟಿಗೆ ಹಾಸಿಗೆ ಹಾಸಿದ್ದರು. ನಾನು ಮೊದಲು ನುಡಿಸಿದೆ. ಐದು ನಿಮಿಷ, ಬೆರಳು ಒಪ್ಪಿದಷ್ಟು. ಆಮೇಲೆ ಅವಳನ್ನು ಕೂರಿಸಿ ನುಡಿಸು ಅಂದೆ. ನುಡಿಯುತ್ತಿದ್ದ ಹಾಗೇ ಕೈ ಬದಲಾಗಲಿ ಅಂತ ನನ್ನ ಆಸೆ.

ಒಂದು ಹಾಳೆಯಲ್ಲಿ ಅದರ ದೋಷಗಳನ್ನೆಲ್ಲ ಬರೆದಿಟ್ಟಿದ್ದೆ. ಮೂರನೇ ಬಿರಡೆ ಮಳೆಗಾಲದಲ್ಲಿ ಹಟ ಮಾಡುತ್ತದೆ, ಸೀಮೆಸುಣ್ಣ ಹಚ್ಚು, ಬಲವಂತ ಮಾಡಬೇಡ. ಬುರುಡೆಯ ಒಳಗೆ ಒಂದು ಸೀಳು ಇದೆ, ಹಳೆಯದು, ಹೆದರಬೇಡ. ಪ್ರಯಾಣಕ್ಕೆ ಮೊದಲು ತಂತಿ ಸ್ವಲ್ಪ ಸಡಿಲ ಮಾಡು. ಏಪ್ರಿಲ್ ಬಿಸಿಲಲ್ಲಿ ಜೀಪಿನೊಳಗೆ ಬಿಡಬೇಡ, ಮೇಣ ಕರಗುತ್ತದೆ. ಹಾಳೆಯ ಕೊನೆಗೆ "ಮಾರಬೇಡ" ಅಂತ ಬರೆದಿದ್ದೆ. ಹಿಂದಿನ ರಾತ್ರಿ ಅದನ್ನು ಹೊಡೆದುಹಾಕಿದೆ. ಅಮ್ಮ ನನಗೆ ಷರತ್ತು ಹಾಕಿರಲಿಲ್ಲ.

ಅವಳ ಅಪ್ಪ ಲಕೋಟೆ ತೆಗೆದರು. ಬೇಡ ಅಂದೆ. "ಹಾಗಲ್ಲ ಮೇಡಂ, ಸುಮ್ನೆ ತಗೊಂಡು ಹೋದ್ರೆ ಇದು ಯಾವತ್ತೂ ನಿಮ್ದೇ ಆಗಿರುತ್ತೆ, ಅವಳ್ದು ಆಗಲ್ಲ" ಅಂದರು. ನಾನು ಅಷ್ಟು ಯೋಚಿಸಿರಲಿಲ್ಲ. ರಿಪೇರಿಗೆ ಆದ ಖರ್ಚನ್ನು ಮಾತ್ರ ತೆಗೆದುಕೊಂಡೆ. ತಾಂಬೂಲ, ತೆಂಗಿನಕಾಯಿ ಇಟ್ಟು ಕೊಟ್ಟೆ. ಜೀಪ್ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ. ಒಳಗೆ ಬಂದರೆ ಕೋಣೆ ತುಂಬ ದೊಡ್ಡದಾಗಿ ಕಂಡಿತು. ಸಂಜೆ ಆರೂವರೆಗೆ ಒಣಬಟ್ಟೆ ಕೈಯಲ್ಲಿತ್ತು. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಅಮ್ಮನ ಹತ್ತಿರವೂ ಅಂಥದೊಂದು ಬಟ್ಟೆ ಇತ್ತು, ಹಳೇ ಪಂಚೆಯದು.

ದುಃಖ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ. ತಿಂಗಳುಗಟ್ಟಲೆ ಆಯಿತು. ಕೊಟ್ಟದ್ದು ಸರಿ ಅನ್ನುವುದಕ್ಕೂ ದುಃಖಕ್ಕೂ ಸಂಬಂಧ ಇಲ್ಲ, ಎರಡೂ ಒಟ್ಟಿಗೇ ಇರುತ್ತವೆ. ಮೊದಲ ಮೂರು ತಿಂಗಳು ನಾನು ಸುಂಟಿಕೊಪ್ಪಕ್ಕೆ ಹೋಗಲಿಲ್ಲ. ಹೋದರೆ ಇಲ್ಲಿ ಇಡಬೇಡ, ಅಲ್ಲಿ ಇಡು ಅಂತ ಹೇಳುತ್ತಿದ್ದೆ. ಅವಳು ಪಾಠಕ್ಕೆ ಈಗಲೂ ಬರುತ್ತಾಳೆ, ಇಲ್ಲಿ ಪಾಠದ ವೀಣೆಯಲ್ಲಿ ನುಡಿಸುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳ ಮನೆಗೆ ಹೋದೆ. ವೀಣೆ ಹೊಲಿಗೆ ಯಂತ್ರದ ಪಕ್ಕದಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇತ್ತು. ಅವಳ ಅಮ್ಮ ಹೊಲಿದ ಹೊಸ ಹೊದಿಕೆ, ಬಟ್ಟೆಯ ತುಂಡುಗಳನ್ನು ಸೇರಿಸಿ ಮಾಡಿದ್ದು. ಅವಳು ಶ್ರುತಿಯನ್ನು ಎರಡೂವರೆಯಿಂದ ಮೂರಕ್ಕೆ, ಅಂದರೆ ಅರ್ಧ ಸ್ವರ ಮೇಲಕ್ಕೆ, ಏರಿಸಿದ್ದಳು. ಕೇಳಿದ ತಕ್ಷಣ ಎದೆ ಚುರ್ ಅಂದಿತು. ಎಪ್ಪತ್ತೈದು ವರ್ಷ ಅದು ಎರಡೂವರೆಯಲ್ಲೇ ನುಡಿದಿತ್ತು. ಬಾಯಿ ಬಿಡಲಿಲ್ಲ. ಐದು ನಿಮಿಷ ಕೇಳುತ್ತ ಕೂತೆ. ಆ ಏರಿನಲ್ಲಿ ಮೇಲಿನ ಷಡ್ಜಕ್ಕೆ ಒಂದು ಹೊಳಪು ಬಂದಿತ್ತು, ನನ್ನ ಕೈಯಲ್ಲಿ ಯಾವತ್ತೂ ಬಂದಿರದ ಹೊಳಪು. ಯಾಳಿಯ ಚಿಕ್ಕ ಕಿವಿಯನ್ನು ಹಿಡಿದುಕೊಂಡು ಅವಳ ತಮ್ಮ ಕೂತಿದ್ದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಈಗ ನಿಮ್ಮ ಅಟ್ಟದ ಮಾತಿಗೆ ಬರುತ್ತೇನೆ. ಮೈಸೂರಿನ ರಿಪೇರಿಯವರು ಮುಂದಿನ ತಿಂಗಳು ಎರಡು ದಿನ ನಮ್ಮ ಮನೆಗೆ ಬರಲು ಒಪ್ಪಿದ್ದಾರೆ. ವೀಣೆ, ತಂಬೂರಿ ನೋಡುತ್ತಾರೆ. ಪಿಟೀಲು, ಹಾರ್ಮೋನಿಯಂ ಆದರೆ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರೆ. ನಿಮ್ಮ ಮನೆಯದನ್ನು ಇಳಿಸಿ ತನ್ನಿ. ಒರೆಸದೆ ತನ್ನಿ. ಬೂಷ್ಟು ಎಲ್ಲಿ ಹಿಡಿದಿದೆ ಅಂತ ನೋಡಿದರೆ ನೀರು ಎಲ್ಲಿಂದ ಹೋಗಿದೆ ಅಂತ ಅವರಿಗೆ ತಿಳಿಯುತ್ತದೆ. ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ವಾದ್ಯ ಇರುವವರು ಎಡಗಡೆಯ ಪುಟದಲ್ಲಿ ಹೆಸರು ಬರೆಯಿರಿ. ಕಲಿಯುವ ಮಗು ಇದ್ದು ವಾದ್ಯ ಇಲ್ಲದವರು ಬಲಗಡೆಯ ಪುಟದಲ್ಲಿ ಬರೆಯಿರಿ. ಬಲಗಡೆ ಆಗಲೇ ಏಳು ಹೆಸರು ಇವೆ.